ಅವ್ವನ ಸ್ತನ ಕ್ಯಾನ್ಸರ್ ಆಪರೇಷನ್: ತಾಳಿ, ಡ್ರೈನ್ ಚೀಲ, ರೊಟ್ಟಿ

ಪ್ರಶ್ನೆ (ಆಳಂದ): ನಮಸ್ಕಾರ ಸಿಸ್ಟರ್. ನಮ್ಮ ಅವ್ವನಿಗೆ 58 ವರ್ಷ. ಬರುವ ವಾರ ಕಲಬುರಗಿಯಲ್ಲಿ ಎಡ ಸ್ತನದ ಕ್ಯಾನ್ಸರ್ ಆಪರೇಷನ್. ಕಂಕುಳಿನ ಗಂಟುಗಳನ್ನೂ ತೆಗೆಯುತ್ತಾರಂತೆ. ತಾಳಿ, ಹಸಿರು ಬಳೆ ತೆಗೆಯೋದೇ ಇಲ್ಲ ಅಂತ ಅವ್ವ ಹಟ ಹಿಡಿದಿದ್ದಾಳೆ. ಏನು ಮಾಡಲಿ? ಮನೆಗೆ ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು?

ಉತ್ತರ (ನರ್ಸ್): ತಂಗಿ, ಈ ಹಟ ನಮಗೆ ಹೊಸದಲ್ಲ. ಬೈಯಬೇಡಿ, ಕಾರಣ ಹೇಳಿ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯ ಇದೆ. ಕೈ ಬಾತರೆ ಬಳೆ ಒಡೆಯಲೇಬೇಕಾಗುತ್ತದೆ. ಅವ್ವನಿಗೆ ಅದು ಇನ್ನೂ ದೊಡ್ಡ ಸಂಕಟ, ಅಲ್ವಾ? ಮನೆಯಲ್ಲೇ ಸೋಪು ಹಚ್ಚಿ ಬಳೆ ಬಿಚ್ಚಿ. ತಾಳಿ ಅಪ್ಪನ ಕೈಗೆ ಕೊಡಿಸಿ, ಆಮೇಲೆ ಅವರೇ ಕಟ್ಟಲಿ. ಎಷ್ಟೋ ಜನ ಹೀಗೆ ಹೇಳಿದಾಗ ಒಪ್ಪಿದ್ದಾರೆ.

ಹಿಂದಿನ ರಾತ್ರಿ ಹೇಳಿದ ಹೊತ್ತಿನ ನಂತರ ಊಟ ಬೇಡ. ಹಾಲು ಹಾಕಿದ ಚಹಾನೂ ಊಟದ ಲೆಕ್ಕವೇ, 6 ಗಂಟೆ ಅಂತರ ಬೇಕು. ಬೆಳಗಿನ ಅರ್ಧ ಕಪ್ ಚಹಾದಿಂದ ಆಪರೇಷನ್ ಮುಂದೆ ಹೋಗಿದ್ದನ್ನು ನೋಡಿದ್ದೇನೆ.

ಮನೆಗೆ ಬರುವಾಗ ಪೈಪು, ಚೀಲ ಇರಬಹುದು. ಅದೇ ಡ್ರೈನ್, ಗಾಯದೊಳಗಿನ ನೀರು, ರಕ್ತ ಅದರಿಂದ ಹೊರಗೆ ಬರುತ್ತದೆ. ಚೀಲ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ. ಚೀಲದಲ್ಲಿ ಎಷ್ಟು ಬಂದಿದೆ ಅಂತ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಮೊದಲು ಕೆಂಪು, ಆಮೇಲೆ ತಿಳಿ ಹಳದಿ ಬರುತ್ತದೆ. ದಿನಕ್ಕೆ ಸುಮಾರು 30 ಎಂಎಲ್‌ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಚೀಲ ಗಬಕ್ಕನೆ ಕೆಂಪು ರಕ್ತದಿಂದ ತುಂಬಿದರೆ, 100.4 ಡಿಗ್ರಿ ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಗಾಯಕ್ಕೆ ಅರಿಶಿನ ಬೇಡವೇ ಬೇಡ.

ಕಂಕುಳಿನ ಗಂಟು ತೆಗೆದ ಕಡೆಯ ಕೈ ಬಾಯುವ ಅಪಾಯ ಇರುತ್ತದೆ, ಅದಕ್ಕೇ ಎಡಗೈಗೆ ಸೂಜಿ, ಬಿಪಿ ಪಟ್ಟಿ ಹಾಕಿಸಬೇಡಿ. ಬಿಗಿ ಬಳೆನೂ ಬೇಡ. ಆದರೆ ಕೈಯನ್ನು ಸುಮ್ನೆ ಎದೆಗೆ ಅಂಟಿಸಿಕೊಂಡು ಕೂರಬಾರದು, ಭುಜ ಹಿಡಿದುಬಿಡುತ್ತದೆ. ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡಲಿ, ಮೊಣಕೈ ಮಡಚಲಿ. ಭುಜಕ್ಕಿಂತ ಮೇಲೆ ಎತ್ತುವುದು ಡಾಕ್ಟರ್ ಹೇಳಿದ ಮೇಲೆ.

ಪ್ರಶ್ನೆ (ಸೇಡಂ): ಅಕ್ಕ, ನಮ್ಮ ಅತ್ತಿಗೆಗೂ ಇದೇ ಆಪರೇಷನ್ ಆಗಿ 12 ದಿನ. ಮೊಟ್ಟೆ, ಬದನೆಕಾಯಿ ನಂಜು ಅಂತ ಅತ್ತೆ ಕೊಡ್ತಿಲ್ಲ. ರೊಟ್ಟಿ ಬಡಿಯಬಹುದಾ?

ಉತ್ತರ: ಬದನೆ ತಿಂದರೆ ಗಾಯ ನಂಜಾಗಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮೊಸರು ಜಾಸ್ತಿ ಕೊಡಿ, ಜೋಳದ ರೊಟ್ಟಿ ಧಾರಾಳವಾಗಿ ತಿನ್ನಲಿ. ಬಡಿಯುವುದು ಮಾತ್ರ ಈಗ ಬೇಡ, ಭುಜಕ್ಕೆ ಭಾರ, ಹಂಚಿನ ಬಿಸಿ ಬೇರೆ. ಒಂದೂವರೆ ತಿಂಗಳಾಗಲಿ, ಡಾಕ್ಟರನ್ನು ಕೇಳಿ ಶುರು ಮಾಡಿ. ಅಲ್ಲಿಯವರೆಗೆ ನಿಮ್ಮ ಅಣ್ಣ ಬಡಿಯಲಿ. ಬರಲ್ಲ ಅಂದರೆ ಖಾನಾವಳಿಯಿಂದ ತರಲಿ.