ವೈಫೈನಲ್ಲಿ ಡೌನ್‌ಲೋಡ್ ಶುರುವಾದರೆ ಪಿಂಗ್ 400 ಎಂಎಸ್, ಎಸ್‌ಕ್ಯೂಎಂ ಹಾಕಿದರೂ ಇಳಿಯುತ್ತಿಲ್ಲ

ನೆಟ್‌ಹುಳ:
ಲೈನ್ 100/20 ಎಂಬಿಪಿಎಸ್ ಫೈಬರ್. ರೌಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೌಟರಿಗೆಂದೇ ಇರುವ ಲಿನಕ್ಸ್), ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿನ ಮೇಲೆ ಎಸ್‌ಕ್ಯೂಎಂ (ವೇಗಕ್ಕೆ ಮಿತಿ ಹಾಕಿ ಪ್ಯಾಕೆಟ್ ಸಾಲು ಉದ್ದವಾಗದಂತೆ ನೋಡುವ ವ್ಯವಸ್ಥೆ), ಅದರಲ್ಲಿ ಕೇಕ್ ಅನ್ನುವ ವಿಧಾನ, ಮಿತಿ 90/18. ಕೇಬಲ್ ಹಾಕಿದ ಕಂಪ್ಯೂಟರಿಗೆ ಎಷ್ಟೇ ಲೋಡ್ ಕೊಟ್ಟರೂ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 18 ಎಂಎಸ್ (ಮಿಲಿಸೆಕೆಂಡ್) ದಾಟುವುದಿಲ್ಲ. ಆದರೆ ಎರಡು ಗೋಡೆ ಆಚೆ ಇರುವ ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಶುರುವಾದ ಕೂಡಲೇ ಅದರ ಪಿಂಗ್ 300–400, ಪಕ್ಕದಲ್ಲೇ ಇರುವ ಫೋನಿನದ್ದೂ ಏರುತ್ತೆ. 2.4 ಗಿಗಾಹರ್ಟ್ಸ್, 40 ಮೆಗಾಹರ್ಟ್ಸ್ ಅಗಲ. ಕೇಕ್ ಮಿತಿಯನ್ನು 40ಕ್ಕೆ ಇಳಿಸಿದರೂ ಅದೇ ಕಥೆ. ಎಲ್ಲ ಪ್ಯಾಕೆಟ್‌ಗಳಿಗೂ ಡಿಎಸ್‌ಸಿಪಿ ಇಎಫ್ (ಪ್ಯಾಕೆಟ್ಟಿನ ಮೇಲೆ ಬರೆಯುವ ತುರ್ತು ಆದ್ಯತೆ) ಗುರುತು ಹಾಕಿದರೆ ಉಪಯೋಗ ಆಗುತ್ತಾ?

ಸರತಿಸಾಲು:
ಮೊದಲು ಲ್ಯಾಪ್‌ಟಾಪಿನಿಂದ ರೌಟರಿನ ಒಳ ಐಪಿಗೇ ಪಿಂಗ್ ಹಾಕಿ. ಡೌನ್‌ಲೋಡ್ ನಡೆಯುವಾಗ ಅದೂ 300 ತೋರಿಸಿದರೆ ಫೈಬರಿನದ್ದೇನೂ ತಪ್ಪಿಲ್ಲ, ಸಾಲು ಕಟ್ಟಿರುವುದು ರೇಡಿಯೋದಲ್ಲಿ.

ಪ್ಯಾಕೆಟ್ ಸಾಲು ನಿಲ್ಲುವುದು ದಾರಿಯ ಅತಿ ಕಿರಿದಾದ ಜಾಗದಲ್ಲಿ. ಆ ಲ್ಯಾಪ್‌ಟಾಪ್ 13.5 ಎಂಬಿಪಿಎಸ್ ರೇಡಿಯೋ ದರಕ್ಕೆ ಇಳಿದಿದ್ದರೆ ಕೈಗೆ ಸಿಗುವುದು 8ರ ಆಸುಪಾಸು. ಕೇಕ್ 40ರಲ್ಲಿ ಒಳಗೆ ಬಿಟ್ಟಿದ್ದು ಅಲ್ಲಿ ಬಂದು ನಿಲ್ಲಲೇಬೇಕು. 8 ಎಂಬಿಪಿಎಸ್‌ನಲ್ಲಿ 400 ಎಂಎಸ್ ಅಂದರೆ 3.2 ಮೆಗಾಬಿಟ್, ಸುಮಾರು 270 ಪ್ಯಾಕೆಟ್. ಕೇಕ್ ಮಿತಿಯನ್ನು 7ಕ್ಕೆ ಇಳಿಸಿದರೆ ಸಾಲು ಕರಗೀತು, ಆದರೆ ಮಿಕ್ಕವರೆಲ್ಲ 7ರಲ್ಲೇ ಇರಬೇಕು. ಮೇಲಾಗಿ ಲ್ಯಾಪ್‌ಟಾಪ್ ಒಂದು ಅಡಿ ಸರಿದರೂ ಆ ಸಂಖ್ಯೆ ಬದಲಾಗುತ್ತೆ.

ಹಾಗಾಗಿ ವೈಫೈ ಸಾಲನ್ನು ಪ್ಯಾಕೆಟ್ ಲೆಕ್ಕದಲ್ಲಿ ಅಳೆದು ಪ್ರಯೋಜನವಿಲ್ಲ. 1500 ಬೈಟಿನ 1000 ಪ್ಯಾಕೆಟ್ 100 ಎಂಬಿಪಿಎಸ್‌ನಲ್ಲಿ 120 ಎಂಎಸ್, 6 ಎಂಬಿಪಿಎಸ್‌ನಲ್ಲಿ 2 ಸೆಕೆಂಡ್. ಕೋಡೆಲ್ (ಸಾಲು ಉದ್ದವಾದರೆ ಪ್ಯಾಕೆಟ್ ಬೀಳಿಸುವ ವಿಧಾನ) ಅಳೆಯುವುದು ಪ್ಯಾಕೆಟ್ ಎಷ್ಟು ಹೊತ್ತು ಕಾದಿತು ಅನ್ನುವುದನ್ನು. ಅದನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 8289ರ ಪ್ರಕಾರ ಕಾಯುವಿಕೆ 100 ಎಂಎಸ್ ಉದ್ದಕ್ಕೂ 5 ಎಂಎಸ್‌ಗಿಂತ ಕೆಳಗೆ ಬರದಿದ್ದರೆ ಡ್ರಾಪ್ ಶುರು. ಲಿನಕ್ಸಿನ ವೈಫೈ ಭಾಗವಾದ ಮ್ಯಾಕ್80211 ವೈಫೈಗೆಂದು 5ನ್ನು 20 ಮಾಡಿಕೊಂಡಿದೆ. ತೀರಾ ನಿಧಾನದ ಸಾಧನಕ್ಕೆ 5ರ ಬದಲು 50 ಎಂಎಸ್, 100ರ ಬದಲು 300 ಎಂಎಸ್. ಆ ಲ್ಯಾಪ್‌ಟಾಪಿಗೆ 5–10 ಎಂಎಸ್ ಸಿಗುತ್ತೆ ಅಂತ ನಿರೀಕ್ಷಿಸಬೇಡಿ.

ಇದೆಲ್ಲ ಕೆಲಸ ಮಾಡಬೇಕಾದರೆ ಕೋಡೆಲ್‌ಗೆ ಸಾಲು ಕಾಣಬೇಕು. ಅದರ ಕೆಳಗೆ ಚಿಪ್ಪಿನ ಫರ್ಮ್‌ವೇರ್ ತನ್ನದೇ ಉದ್ದನೆಯ ಸಾಲು ಇಟ್ಟುಕೊಂಡರೆ ಮೇಲೆ ಏನು ಮಾಡಿದರೂ ವ್ಯರ್ಥ. ಅದಕ್ಕೇ ಎಕ್ಯೂಎಲ್ ಬಂದಿದ್ದು, ಲಿನಕ್ಸ್ 5.5ರಲ್ಲಿ: ಚಿಪ್ಪಿಗೆ ಇಂತಿಷ್ಟು ಮೈಕ್ರೊಸೆಕೆಂಡ್ ಏರ್‌ಟೈಮಿನ (ಗಾಳಿಯಲ್ಲಿ ಕಳಿಸಲು ಹಿಡಿಯುವ ಸಮಯ) ಸರಕು ಮಾತ್ರ ಕೊಡು, ಉಳಿದದ್ದು ಮೇಲೆಯೇ ಇರಲಿ ಅಂತ. ಡೀಫಾಲ್ಟ್ ಕೆಳಮಿತಿ 5000, ಮೇಲ್ಮಿತಿ 12000. ನಿಮ್ಮ ಚಿಪ್ ಯಾವುದು? ಎಂಟಿ76, ಎಟಿಎಚ್10ಕೆ ಡ್ರೈವರಿನದ್ದಾದರೆ ಡೀಬಗ್ಎಫ್ಎಸ್ (ಕರ್ನಲ್ ಒಳಗಿನ ಸೆಟ್ಟಿಂಗ್ ತೋರಿಸುವ ಫೋಲ್ಡರ್) ಒಳಗೆ ಎಕ್ಯೂಎಲ್ ಫೈಲುಗಳು ಇವೆಯಾ ನೋಡಿ. ಬಿಆರ್‌ಸಿಎಂಎಫ್‌ಮ್ಯಾಕ್ ಥರದ ಫುಲ್‌ಮ್ಯಾಕ್ ಆದರೆ ಕೈ ಚೆಲ್ಲಿ, ಸಾಲು ಪೂರ್ತಿ ಫರ್ಮ್‌ವೇರಿನದ್ದು.

ಬೀಕನ್:
ಫೋನಿನ ಪಿಂಗ್ ಯಾಕೆ ಏರುತ್ತೆ ಅನ್ನುವುದಕ್ಕೆ ಕಾರಣ ಬೇರೆ. 802.11 (ವೈಫೈ ಮಾನದಂಡ) ಸರದಿ ಕೊಡುವುದು ಪ್ಯಾಕೆಟ್ಟಿಗೆ, ಸಮಯಕ್ಕಲ್ಲ. 1500 ಬೈಟಿಗೆ 6.5 ಎಂಬಿಪಿಎಸ್‌ನಲ್ಲಿ 1.85 ಎಂಎಸ್ ಬೇಕು, 130ರಲ್ಲಿ 0.09. ದೂರದವನದ್ದು ಒಂದು ಸರದಿ ಹತ್ತಿರದವನ ಇಪ್ಪತ್ತಕ್ಕೆ ಸಮ. ಏರ್‌ಟೈಮ್ ಫೇರ್‌ನೆಸ್ (ಸಮಯದ ಲೆಕ್ಕದಲ್ಲಿ ಸರದಿ) ಇರುವ ಡ್ರೈವರ್ ಇದನ್ನು ಡೌನ್‌ಲೋಡ್ ದಿಕ್ಕಿನಲ್ಲಿ ಸರಿಪಡಿಸುತ್ತೆ.

ಆಮೇಲೆ ಆ 40 ಮೆಗಾಹರ್ಟ್ಸ್ ಬಿಡಿ. 20ಕ್ಕೆ ಇಳಿಸಿದರೆ ಗದ್ದಲ 3 ಡಿಬಿ ತಗ್ಗುತ್ತೆ, ದೂರದ ಸಾಧನ ಒಂದು ಮೆಟ್ಟಿಲು ಮೇಲಿನ ದರ ಹಿಡಿಯುವ ಸಾಧ್ಯತೆ ಹೆಚ್ಚು. ಚಾನೆಲ್ 1, 6, 11ರಲ್ಲಿ ಒಂದು. 802.11ಬಿಯ ಹಳೇ ನಿಧಾನ ದರಗಳನ್ನು ಮುಚ್ಚಿ. 300 ಬೈಟಿನ ಬೀಕನ್ (ನೆಟ್‌ವರ್ಕ್ ಇದೆ ಎಂದು ರೌಟರ್ ಆಗಾಗ ಸಾರುವ ಸಂದೇಶ) 1 ಎಂಬಿಪಿಎಸ್‌ನಲ್ಲಿ ಪ್ರಿಯಾಂಬಲ್ (ಮೊದಲು ಬರುವ ಎಚ್ಚರಿಕೆ ಸಿಗ್ನಲ್) ಸೇರಿ 2.6 ಎಂಎಸ್, ನಾಲ್ಕು ಎಸ್‌ಎಸ್‌ಐಡಿ (ವೈಫೈ ಹೆಸರು) ಇಟ್ಟರೆ ಪ್ರತಿ 102.4 ಎಂಎಸ್‌ನಲ್ಲಿ 10.4 ಎಂಎಸ್, ಯಾರೂ ಏನೂ ಕಳಿಸದೆಯೇ ಹತ್ತನೇ ಒಂದು ಪಾಲು ಗಾಳಿ ಖಾಲಿ. 6 ಎಂಬಿಪಿಎಸ್‌ನಲ್ಲಿ ಅದೇ ನಾಲ್ಕಕ್ಕೆ 2 ಎಂಎಸ್ಸೂ ಬೇಡ.

ಇಎಫ್ ಯೋಚನೆ ಕೈಬಿಡಿ. ಇಎಫ್ ಅಂದರೆ 46, ಅದರ ಮೇಲಿನ ಮೂರು ಬಿಟ್ 5. ಆ ಮೂರು ಬಿಟ್ ಮಾತ್ರ ನೋಡುವ ಸಾಧನದಲ್ಲಿ ಅದು ವೈಫೈ ಆದ್ಯತೆಯ ವರ್ಗಗಳಲ್ಲಿ ವಾಯ್ಸ್ ಅಲ್ಲ, ವಿಡಿಯೊ ವರ್ಗಕ್ಕೆ ಬೀಳುತ್ತೆ. ಆರ್‌ಎಫ್‌ಸಿ 8325 ಹೇಳುವುದು 6ಕ್ಕೆ, ಅಂದರೆ ವಾಯ್ಸ್‌ಗೆ, ಹಾಕಿ ಅಂತ. ಹಾಗೆ ವಾಯ್ಸ್‌ಗೆ ಹೋದರೂ ಡೌನ್‌ಲೋಡಿಗೆ ಅದು ಜಾಗವಲ್ಲ: ಬ್ಯಾಕಾಫ್ (ಕಳಿಸುವ ಮುನ್ನ ಕಾಯುವ) ಕಿಟಕಿ 3ರಿಂದ 7 ಮಾತ್ರ, ಒಂದು ಸರದಿಗೆ 1.5 ಎಂಎಸ್ ಮಿತಿ. ಎಲ್ಲರೂ ಅಲ್ಲಿಗೆ ನುಗ್ಗಿದರೆ ಡಿಕ್ಕಿ ಹೆಚ್ಚುತ್ತೆ.

ನೆಟ್‌ಹುಳ:
ಚಿಪ್ ಎಂಟಿ76. ರೌಟರಿಗೆ ಪಿಂಗ್ ಹಾಕಿದರೂ 300 ಬಂತು. 20 ಮೆಗಾಹರ್ಟ್ಸ್ ಮಾಡಿ ಹಳೇ ದರ ತೆಗೆದ ಮೇಲೆ 60–80. ಎಕ್ಯೂಎಲ್ ಫೈಲ್ ಇದೆ. 5000 ಇದ್ದದ್ದನ್ನು 500 ಮಾಡಲಾ?

ಸರತಿಸಾಲು:
500 ಬೇಡ. ಪ್ರತಿ ಸಲ ಕಳಿಸುವಾಗಲೂ ಬ್ಯಾಕಾಫ್, ಪ್ರಿಯಾಂಬಲ್, ಬ್ಲಾಕ್ ಅಕ್ (ತಲುಪಿತು ಅನ್ನುವ ಉತ್ತರ) ಅಂತ ಖರ್ಚು ಇದ್ದೇ ಇದೆ. ಹಲವು ಪ್ಯಾಕೆಟ್ ಒಟ್ಟುಗೂಡಿಸಿ ಕಳಿಸಿದರೆ ಮಾತ್ರ ಅದು ಗಿಟ್ಟುತ್ತೆ. ಚಿಪ್ಪಿನ ಬಳಿ ಸರಕೇ ಇಲ್ಲದಿದ್ದರೆ ಒಟ್ಟುಗೂಡಿಸುವುದು ಏನನ್ನು? 2500ಕ್ಕೆ ಇಳಿಸಿ, ಐಪರ್ಫ್3 (ವೇಗ ಅಳೆಯುವ ಪ್ರೋಗ್ರಾಂ) ವೇಗ ಶೇ 10ಕ್ಕಿಂತ ಹೆಚ್ಚು ಬಿದ್ದರೆ ವಾಪಸ್ ಏರಿಸಿ. ಫೈಲಿನಲ್ಲಿ ಬರೆಯುವಾಗ ಮೊದಲ ಅಂಕಿ ವರ್ಗ: 0 ವಾಯ್ಸ್, 2 ಬೆಸ್ಟ್ ಎಫರ್ಟ್ (ಸಾಮಾನ್ಯ ಡೇಟಾ). ರೀಬೂಟ್ ಆದರೆ ಅಳಿಸಿಹೋಗುತ್ತೆ, ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸೇರಿಸಿ.

ಐಪರ್ಫ್3 ಸರ್ವರ್ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿರಲಿ. ರೌಟರಿನಲ್ಲೇ ಓಡಿಸಿದರೆ ನೀವು ಅಳೆಯುವುದು ಅದರ ಸಿಪಿಯುವನ್ನು.

ಬೀಕನ್:
ಒಂದು ಎಚ್ಚರ: ಹರಿವುಗಳನ್ನು ಬೇರ್ಪಡಿಸುವ ಸಾಲಿನಲ್ಲಿ ಪಿಂಗ್‌ನಂಥ ತೆಳು ಹರಿವಿಗೆ ಮುಂದೆ ದಾರಿ ಸಿಗುತ್ತೆ. ಪಿಂಗ್ 30 ಅಂದಮಾತ್ರಕ್ಕೆ ಡೌನ್‌ಲೋಡಿನ ಒಳಗಿನ ಆರ್‌ಟಿಟಿಯೂ (ಹೋಗಿ ಬರುವ ಸಮಯ) 30 ಅಲ್ಲ. ಲಿನಕ್ಸ್ ಆದರೆ ಡೇಟಾ ಕಳಿಸುವ ಕಡೆ ಎಸ್ಎಸ್ ಕಮಾಂಡಿನಲ್ಲಿ ಟಿಸಿಪಿ ಆರ್‌ಟಿಟಿ ನೋಡಿ.

ಅಪ್‌ಲೋಡ್ ಮಾಡುವಾಗ ಸಾಲು ಲ್ಯಾಪ್‌ಟಾಪಿನ ಡ್ರೈವರಿನಲ್ಲಿ ಕಟ್ಟುತ್ತೆ. ಅದಕ್ಕೆ ರೌಟರಿನ ಎಕ್ಯೂಎಲ್ ಏನೂ ಮಾಡಲಾರದು. ಅಲ್ಲೂ 300 ಬಂದರೆ ಲ್ಯಾಪ್‌ಟಾಪಿನ ಚಿಪ್ ಯಾವುದು ಅಂತ ಹಾಕಿ, ನೋಡೋಣ.