ಹಳ್ಳದ ನೀರು ಕೆಡುತ್ತಿದೆ, ಎಲ್ಲಿಂದ ಶುರು ಮಾಡೋಣ? ನೀರಿನ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಬಡಾವಣೆಯ ಪಕ್ಕ ಒಂದು ಸಣ್ಣ ಹಳ್ಳ ಹರಿಯುತ್ತದೆ. ರಜೆ ದಿನಗಳಲ್ಲಿ ಎಲ್ಲರೂ ಸೇರಿ ಪ್ಲಾಸ್ಟಿಕ್ ಎತ್ತುತ್ತೇವೆ. ಆದರೂ ನೀರು ಬೂದು ಬಣ್ಣ, ಮೇಲೆ ನೊರೆ, ವಾಸನೆ ಬೇರೆ. ಮೇಲುಗಡೆ ಹೊಸ ಕಟ್ಟಡಗಳೂ ಬರಲಿವೆಯಂತೆ. ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ. ಕಸ ಎತ್ತುವುದನ್ನು ಖಂಡಿತ ಮುಂದುವರಿಸಿ. ಆದರೆ ಬೂದು ನೀರು, ನೊರೆ, ವಾಸನೆ ಮೂರೂ ಇವೆ ಅಂದರೆ ನನ್ನ ಅನುಮಾನ ಪೈಪುಗಳ ಮೇಲೆ. ಮೂರು ದಿನ ಮಳೆ ಬಾರದ ಸಮಯ ನೋಡಿ, ದಡದುದ್ದಕ್ಕೂ ನಡೆಯಿರಿ. ಹಳ್ಳಕ್ಕೆ ಬಂದು ಬೀಳುವ ಪ್ರತಿ ಮಳೆನೀರಿನ ಪೈಪನ್ನು ನಕ್ಷೆಯಲ್ಲಿ ಗುರುತು ಮಾಡಿ. ಮಳೆ ಇಲ್ಲದಾಗ ಆ ಪೈಪು ಒಣಗಿರಬೇಕು, ಅಲ್ವಾ? ನೀರು ಬರುತ್ತಿದ್ದರೆ ಒಳಗೆಲ್ಲೋ ಚರಂಡಿ ಸೇರಿಕೊಂಡಿರಬಹುದು, ಕುಡಿಯುವ ನೀರಿನ ಕೊಳವೆ ಸೋರುತ್ತಿರಬಹುದು, ಅಥವಾ ಅಂತರ್ಜಲ ಜಿನುಗುತ್ತಿರಬಹುದು. ಯಾವುದು ಅಂತ ತಿಳಿಯಲು ಬಣ್ಣ, ವಾಸನೆ, ನೊರೆ ಬರೆದುಕೊಳ್ಳಿ. ದಿನಾಂಕ, ಸಮಯ, ಫೋಟೋ ಇರಲಿ.

ಪೈಪಿನ ಕೆಳಗಿನ ಕಲ್ಲುಗಳನ್ನೂ ನೋಡಿ. ಹತ್ತಿಯ ಎಳೆಗಳ ಹಾಗೆ ಬೂದು ಲೋಳೆ ಅಂಟಿಕೊಂಡಿದ್ದರೆ ಅದು ಬ್ಯಾಕ್ಟೀರಿಯಾ. ಕೊಳಚೆಯಂಥ ನೀರು ಸತತವಾಗಿ ಬರುವ ಕಡೆ ಅದು ಬೆಳೆಯುತ್ತದೆ. ನನಗಂತೂ ಇದು ಕಂಡ ಕೂಡಲೇ ಮೇಲಿನ ಪೈಪು ಹುಡುಕುವ ಕೆಲಸ ಶುರು.

ಮರುಪ್ರಶ್ನೆ: ಕೆಲವು ಕಡೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಕಾಣುತ್ತದೆ. ಯಾರೋ ಡೀಸೆಲ್ ಸುರಿದಿದ್ದಾರೆ ಅಂತ ದೂರು ಕೊಡಬಹುದಾ?

ಉತ್ತರ: ಮೊದಲು ಒಂದು ಕಡ್ಡಿಯಿಂದ ಆ ಪದರ ಕದಡಿ. ಚೂರುಚೂರಾಗಿ ಒಡೆದು ಹಾಗೆಯೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಪಕ್ಕದಲ್ಲೇ ಕಿತ್ತಳೆ ಬಣ್ಣದ ಕೆಸರೂ ಇರುತ್ತದೆ, ಅದು ಸಹಜ. ಒಡೆದ ಮೇಲೆ ಮತ್ತೆ ಸುತ್ತಿ ಕೂಡಿಕೊಂಡರೆ ಎಣ್ಣೆ ಇರಬಹುದು, ಆಗ ದೂರು ಕೊಡಿ. ನೊರೆಯೂ ಅಷ್ಟೇ. ಕೊಳೆತ ಎಲೆಗಳಿಂದ ಬರುವ ನೊರೆ ಸಾಮಾನ್ಯವಾಗಿ ಕಂದು, ಮಣ್ಣಿನ ವಾಸನೆ. ಸೋಪಿನ ನೊರೆ ಬಿಳಿ, ಸುವಾಸನೆಯೂ ಇರಬಹುದು. ಒಂದು ತಪ್ಪು ದೂರು ಹೋದರೆ ಮುಂದಿನ ಸರಿಯಾದ ದೂರನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪ್ರಶ್ನೆ: ಲ್ಯಾಬ್ ಇಲ್ಲದೆ ನಾವೇ ಏನೇನು ಅಳೆಯಬಹುದು ಮೇಡಂ?

ಉತ್ತರ: ಉಷ್ಣತೆ, ಕರಗಿದ ಆಮ್ಲಜನಕ, ಅಮೋನಿಯಾ, ಟಿಡಿಎಸ್. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣ ಮುಂತಾದವುಗಳ ಒಟ್ಟು ಪ್ರಮಾಣ. ಅದರ ಮೀಟರ್ ನಿಜವಾಗಿ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಹಳ್ಳಕ್ಕೆ ಪೈಪು ಸೇರುವ ಜಾಗಕ್ಕಿಂತ ಮೇಲುಗಡೆ ಒಂದು ಸಂಖ್ಯೆ, ಕೆಳಗಡೆ ದಿಢೀರನೆ ಜಾಸ್ತಿ ಸಂಖ್ಯೆ ಬಂದರೆ ಆ ಪೈಪಿನಿಂದ ಏನೋ ಸೇರುತ್ತಿದೆ ಎಂದು ಅನುಮಾನಿಸಬಹುದು.

ಆಮ್ಲಜನಕದ ವಿಷಯದಲ್ಲಿ ಹುಷಾರು. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5. ಅದು 5ಕ್ಕಿಂತ ಇಳಿದರೆ ಎಷ್ಟೋ ಜಾತಿಯ ಮೀನುಗಳಿಗೆ ಕಷ್ಟ. ಆದರೆ ಪಾಚಿ ಜಾಸ್ತಿ ಇರುವ ಹಳ್ಳದಲ್ಲಿ ಮಧ್ಯಾಹ್ನ ಅಳೆದರೆ ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೇ ಪಾಚಿ ಹೀರಿಕೊಳ್ಳುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಅಳೆಯಿರಿ, ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ.

ಇ. ಕೋಲಿ, ಅಂದರೆ ಮಲ ಸೇರಿದ್ದರ ಗುರುತಾದ ಬ್ಯಾಕ್ಟೀರಿಯಾದ ಪರೀಕ್ಷೆ ಮಾತ್ರ ಲ್ಯಾಬಿಗೇ ಬಿಡಿ. ಸ್ಟೆರೈಲ್ (ಸೂಕ್ಷ್ಮಾಣುಗಳಿಲ್ಲದ) ಬಾಟಲಿಯಲ್ಲಿ ನೀರು ಹಿಡಿದು, ಐಸ್ ಬಾಕ್ಸಿನಲ್ಲಿಟ್ಟು, ಆರು ಗಂಟೆಯೊಳಗೆ ತಲುಪಿಸಿ.

ಇನ್ನೊಂದು ಪರೀಕ್ಷೆಗೆ ಮೀಟರೇ ಬೇಡ. ನೀರು ಚೆನ್ನಾಗಿ ಕಾಣುವ ಕಡೆ ಕಲ್ಲು ಎತ್ತಿ ಅಡಿಯಲ್ಲಿ ಇರುವ ಹುಳುಗಳನ್ನು ನೋಡಿ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳಲ್ಲಿ ಹೆಚ್ಚಿನವು ಮಾಲಿನ್ಯ ತಡೆಯಲಾರವು. ಬರೀ ಕೆಂಪು ಹುಳುಗಳೇ ಇದ್ದರೆ ಅಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ಅದರ ಬಲದಿಂದಲೇ ಅವು ಬದುಕುತ್ತವೆ. ಬಾಟಲಿಯ ನೀರು ಆ ಕ್ಷಣದ ಸ್ಥಿತಿ ಮಾತ್ರ ತೋರಿಸುತ್ತದೆ. ಹುಳುಗಳು ಅಲ್ಲೇ ತಿಂಗಳುಗಟ್ಟಲೆ ಇರುವುದರಿಂದ, ರಾತ್ರಿ ಕದ್ದು ಬಿಟ್ಟ ಕೊಳಚೆಯ ಗುರುತೂ ಅವುಗಳಲ್ಲಿ ಸಿಗುತ್ತದೆ.

ಪ್ರಶ್ನೆ: ಬಿಲ್ಡರ್ ಕಡೆಯವರು ದಡದಲ್ಲಿ 30 ಮೀಟರ್ ಹಸಿರು ಪಟ್ಟಿ ಬಿಡುತ್ತೇವೆ, ಕೊಳಚೆ ನೀರು ಶುದ್ಧ ಮಾಡುತ್ತೇವೆ ಅಂತಿದ್ದಾರೆ. ಇಷ್ಟಿದ್ದರೆ ಸಾಕಲ್ವಾ?

ಉತ್ತರ: ಒಳ್ಳೆಯದೇ, ಆದರೆ ಸಾಲದು. ಹಸಿರು ಪಟ್ಟಿಯ ಅಡಿಯಿಂದ ಒಂದು ಪೈಪು ನೇರ ಹಳ್ಳಕ್ಕೆ ಹೋದರೆ ಆ ಪಟ್ಟಿ ಇದ್ದೂ ಇಲ್ಲದಂತೆ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಚಾವಣಿ ಮತ್ತು ರಸ್ತೆಯ ಮಳೆನೀರು ಎಲ್ಲಿ ಇಂಗುತ್ತದೆ? ನಕ್ಷೆಯಲ್ಲಿ ಪೈಪಿನ ಕೊನೆ ಎಲ್ಲಿದೆ, ತೋರಿಸಿ ಅನ್ನಿ.

ಹಳ್ಳಕ್ಕೆ ನೀರು ಕೊಡುವ ಜಮೀನಿನಲ್ಲಿ ಸುಮಾರು 10%ರಷ್ಟು ಕಾಂಕ್ರೀಟು, ಡಾಂಬರು, ಚಾವಣಿ ಆಗುವ ಹೊತ್ತಿಗೆ ಮಾಲಿನ್ಯ ತಡೆಯಲಾರದ ಜೀವಿಗಳು ಕಡಿಮೆಯಾಗುವುದನ್ನು ಅನೇಕ ಅಧ್ಯಯನಗಳು ಕಂಡಿವೆ. 25% ದಾಟಿದರೆ ಹಾಳಾಗುವುದು ಎದ್ದು ಕಾಣುತ್ತದೆ. ಮಳೆ ಬಂದಾಗ ನೀರು ಒಮ್ಮೆಲೇ ನುಗ್ಗಿ ದಡ ಕೊರೆಯುತ್ತದೆ. ಮಳೆ ನಿಂತ ಮೇಲೆ ಇಂಗಿದ ನೀರೇ ಇಲ್ಲದೆ ಹಳ್ಳ ಒಣಗುತ್ತದೆ.

ಅಮೆರಿಕದ ಸಿಯಾಟಲ್ ಸುತ್ತಮುತ್ತ ಜನ ಸೇರಿ ಹಳ್ಳಗಳನ್ನು ಸರಿಮಾಡಿದರು. ಕೋಹೋ ಸಾಲ್ಮನ್ ಮೀನುಗಳು ವಾಪಸ್ ಬಂದವು, ಆದರೆ ಮಳೆ ಬಂದ ಮೇಲೆ ಮೊಟ್ಟೆ ಇಡುವ ಮೊದಲೇ ಸತ್ತವು. ವರ್ಷಗಟ್ಟಲೆ ಹುಡುಕಿದ ಮೇಲೆ, 2020ರಲ್ಲಿ ಕಾರಣ ಹೊರಬಂತು. ಟೈರುಗಳಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯಲ್ಲಿರುವ ಓಜೋನ್ ಅನಿಲ ತಾಗಿ ಮೀನಿಗೆ ವಿಷವಾಗಿ ಬದಲಾಗಿ, ರಸ್ತೆಯ ನೀರಿನ ಜೊತೆ ಹಳ್ಳ ಸೇರುತ್ತಿತ್ತು. ಅದೇ ರಸ್ತೆ ನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಸೋಸಿದಾಗ ಮೀನುಗಳು ಬದುಕಿದವು. ಇದನ್ನು ಓದಿದ ಮೇಲೆ ರಸ್ತೆ ನೀರು ನೇರ ಹಳ್ಳಕ್ಕೆ ಹೋಗುವ ಯಾವ ನಕ್ಷೆಗೂ ನಾನು ಒಪ್ಪುವುದಿಲ್ಲ.

ಇನ್ನು, ಕೆಲಸ ಶುರುವಾಗುವ ಮೊದಲೇ ನಿಮ್ಮ ಅಳತೆಗಳು ಕೈಯಲ್ಲಿರಬೇಕು. ಅಗೆದ ಮೇಲೆ ನೀರು ಕೆಟ್ಟರೆ "ಮೊದಲೂ ಹೀಗೇ ಇತ್ತು" ಅನ್ನುತ್ತಾರೆ. ಆಗ ಉತ್ತರ ಕೊಡುವುದು ನೀವು ಅಳತೆ ಬರೆದಿಟ್ಟ ಹಳೆಯ ಪುಸ್ತಕ ಮಾತ್ರ. ಕಟ್ಟಡದ ಯೋಜನೆಯ ಬಗ್ಗೆ ನಿಮ್ಮ ಆಕ್ಷೇಪಣೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಅದಕ್ಕೆ ಕೊಟ್ಟ ಕೊನೆಯ ದಿನಾಂಕದೊಳಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ವಾಕಿಂಗ್ ಟ್ರ್ಯಾಕ್ ಮಾಡಿದರೆ ಒತ್ತುವರಿಯೂ ನಿಲ್ಲುತ್ತದೆ ಅಂತ ಕೆಲವರ ವಾದ.

ಉತ್ತರ: ಬೇಡ. ಒತ್ತುವರಿ ತಡೆಯಲು ಸರ್ವೆ ಮಾಡಿಸಿ, ಗಡಿ ಕಲ್ಲು ನೆಡಿಸಿ, ದಾಖಲೆಗೆ ಸೇರಿಸಿ. ಗೋಡೆ ಕಟ್ಟಿದರೆ ನೀರಿನ ವೇಗ ಹೆಚ್ಚುತ್ತದೆ, ನೆರೆ ಕೆಳಗಿನವರ ಪಾಲಾಗುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಚಾಂಗ್ಗೆಚಾನ್ ಹಳ್ಳವನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಮೇಲಿದ್ದ ಹೆದ್ದಾರಿ ಕೆಡವಿ 2005ರಲ್ಲಿ ಹಳ್ಳ ತೆರೆದದ್ದು ದೊಡ್ಡ ಕೆಲಸವೇ. ಆದರೆ ಅಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನದನ್ನು ಹಾನ್ ನದಿಯಿಂದ ಪಂಪ್ ಮಾಡಿ ತರುತ್ತಾರೆ. ನಿಮ್ಮ ಹಳ್ಳ ಇನ್ನೂ ತನ್ನದೇ ನೀರಿನಲ್ಲಿ ಹರಿಯುತ್ತಿದೆ. ಅದನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ರಾತ್ರಿ ಟ್ಯಾಂಕರ್ ಬಂದು ಕೊಳಚೆ ಬಿಡುತ್ತದೆ. ಹಿಡಿಯಲು ಹುಡುಗರು ಕಾಯುತ್ತೇವೆ ಅಂತಿದ್ದಾರೆ.

ಉತ್ತರ: ದಯವಿಟ್ಟು ಅಡ್ಡ ಹಾಕಲು ಹೋಗಬೇಡಿ. ದೂರದಿಂದ ಗಾಡಿ ನಂಬರು, ಸಮಯ, ಫೋಟೋ ಸಾಕು. ತಕ್ಷಣ ಪೊಲೀಸರಿಗೂ ಮಾಲಿನ್ಯ ನಿಯಂತ್ರಣದವರಿಗೂ ಫೋನ್ ಮಾಡಿ. ಗಾಡಿ ಹೋದ ಮೇಲೆ, ಬೆಳಕಿದ್ದು ಜಾಗ ಸುರಕ್ಷಿತ ಅನಿಸಿದರೆ ಮಾತ್ರ, ಕೈಗವಸು ಹಾಕಿ ಎರಡು ಬಾಟಲಿ ನೀರು ಹಿಡಿಯಿರಿ. ಸುರಿದ ಜಾಗದ ಮೇಲಿನದೊಂದು, ಕೆಳಗಿನದೊಂದು. ಬಾಟಲಿಯ ಮೇಲೆ ಜಾಗ, ಸಮಯ, ಹಿಡಿದವರ ಹೆಸರು ಬರೆದು ಐಸಿನಲ್ಲಿಡಿ. ಒಬ್ಬರೇ ನೀರಿಗೆ ಇಳಿಯಬೇಡಿ.