ಮಗು ಹುಟ್ಟುವ ಮುಂಚೆ ಯಹೂದಿ ಮನೆಯಲ್ಲಿ ಉಡುಗೊರೆ ಕೊಡಬಾರದಾ?

ಪ್ರಶ್ನೆ:
ಟೆಲ್ ಅವೀವ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವರ ಮೊಮ್ಮಗಳು ಈಗ 7 ತಿಂಗಳ ಬಸುರಿ. ಮಗುವಿಗೆಂದು ಸ್ವೆಟರ್ ಹೆಣೆದೆ. ತೋರಿಸಿದರೆ ಅಜ್ಜಿ 'ಒಳಗಿಡು, ಒಳಗಿಡು' ಎಂದು ಕೈ ಬೀಸಿದರು. ಮನೆಯಲ್ಲಿ ತೊಟ್ಟಿಲೂ ಇಲ್ಲ, ಒಂದು ಕಾಲುಚೀಲವೂ ಇಲ್ಲ. ನಾನೇನಾದರೂ ತಪ್ಪು ಮಾಡಿದೆನಾ?

ಉತ್ತರ:
ತಪ್ಪೇನಿಲ್ಲ, ಸ್ವಲ್ಪ ಬೇಗ ಆಯಿತು ಅಷ್ಟೇ. ಜೆರುಸಲೇಮಿನಲ್ಲಿ ನಾನೂ ಇದೇ ಕೆಲಸದಲ್ಲಿದ್ದೆ. ಆ ಮನೆಯವರು ಅಶ್ಕೆನಾಜಿ ಯಹೂದಿಗಳು, ಪೂರ್ವ ಯುರೋಪಿನಿಂದ ಬಂದವರು. ಮೊಮ್ಮಗಳು ಬಸುರಿ ಎಂದು ಗೊತ್ತಾದಾಗ ನಾನು ದೊಡ್ಡದಾಗಿ 'ಮಜಲ್ ತೋವ್' (ಅಭಿನಂದನೆ) ಅಂದುಬಿಟ್ಟೆ. ಅಜ್ಜಿಯ ಚಮಚ ಬಾಯಿಗೆ ಹೋಗುವುದು ಅರ್ಧಕ್ಕೇ ನಿಂತಿತು. ಅದನ್ನು ಮಗು ಹುಟ್ಟಿದ ಮೇಲೆ ಹೇಳಬೇಕಂತೆ. ಅಲ್ಲಿಯವರೆಗೆ 'ಬೆಶಾ ತೋವಾ', ಒಳ್ಳೆಯ ಗಳಿಗೆಯಲ್ಲಿ ಆಗಲಿ ಅಂತ.

ತೊಟ್ಟಿಲನ್ನು ಅಂಗಡಿಯಲ್ಲಿ ಆರಿಸಿ ಅಲ್ಲೇ ಬಿಟ್ಟಿದ್ದರು. ಹೆರಿಗೆಯಾದ ದಿನ ಫೋನ್ ಹೋಯಿತು, ಸಂಜೆಗೆ ತೊಟ್ಟಿಲು ಬಂತು. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಮಾತು, 'ಆಯಿನ್ ಹರಾ', ಕಣ್ಣು ಬೀಳುತ್ತದೆ. ಅಜ್ಜಿ ಮಾತ್ರ ಒಮ್ಮೆ ಬೇರೆ ಹೇಳಿದರು. ಅವರ ತಾಯಿಯ ಕಾಲದಲ್ಲಿ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲವಂತೆ. ಬರಿಗೈಯಲ್ಲಿ ಮನೆಗೆ ಬಂದವಳು ಆ ಪುಟ್ಟ ಬಟ್ಟೆಗಳನ್ನು ಮಡಚಿ ಎತ್ತಿಡಬೇಕಾ, ಎಂದು ಕೇಳಿದರು. ಆಮೇಲೆ ನಾನು ಯಾಕೆ ಅಂತ ಯಾರನ್ನೂ ಕೇಳಲಿಲ್ಲ.

ಹೆಸರಿನದ್ದೂ ಹಾಗೇ. ಗಂಡು ಮಗು. ಮೂರನೇ ದಿನ ಹೆಸರೇನು ಅಂದೆ, ಎಲ್ಲರೂ ಸುಮ್ನೆ ನಕ್ಕರು. 8ನೇ ದಿನ ಸುನ್ನತಿ ಆದಾಗಲೇ ('ಬ್ರಿತ್' ಅನ್ನುತ್ತಾರೆ) ಹೆಸರು ಹೊರಗೆ ಬಂತು. ತೀರಿಹೋದ ಮುತ್ತಜ್ಜನದ್ದು.

ಇನ್ನೊಬ್ಬರ ಉತ್ತರ:
ಎಲ್ಲ ಮನೆಯಲ್ಲೂ ಹೀಗಿಲ್ಲ. ಇದು ರೂಢಿ, ಧರ್ಮದ ಕಟ್ಟಳೆಯಲ್ಲ. ನಾನಿರುವುದು ಮೊರಾಕೊ ಮೂಲದವರ ಮನೆ. ಅವರು ಬದುಕಿರುವ ಅಜ್ಜನ ಹೆಸರನ್ನೇ ಇಟ್ಟರು, ಅಜ್ಜ ವಾರಪೂರ್ತಿ ಎದೆಯುಬ್ಬಿಸಿ ಓಡಾಡಿದ. 9ನೇ ತಿಂಗಳಲ್ಲಿ ಗಂಡ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗಿ, ಅವರ ಧರ್ಮಗ್ರಂಥವಾದ ತೋರಾದ ಸುರುಳಿ ಇಡುವ ಕಪಾಟಿನ ಬಾಗಿಲು ತೆರೆದು ಬಂದ. ಹೆರಿಗೆಯೂ ಹಾಗೆ ಸಲೀಸಾಗಲಿ ಅಂತ. ಆಸ್ಪತ್ರೆಯ ಚೀಲದಲ್ಲಿ ಬೈಬಲಿನ 121ನೇ ಕೀರ್ತನೆ ಅಚ್ಚಾದ ಒಂದು ಹಾಳೆ ಇತ್ತು. ಮಗುವಿನ ಬಟ್ಟೆ ಇತ್ತಾ? ಅದೂ ಇತ್ತು, ಬೇಕಾದಷ್ಟು.

ಪ್ರಶ್ನೆ ಕೇಳಿದವರು:
ಸ್ವೆಟರ್ ನನ್ನ ಪೆಟ್ಟಿಗೆಯ ತಳಕ್ಕೆ ಹೋಯಿತು. ಬೆಳಿಗ್ಗೆ ಮೊಮ್ಮಗಳು ಬಂದಾಗ 'ಬೆಶಾ ತೋವಾ' ಅಂದೆ. ಅಜ್ಜಿ ನನ್ನ ಉಚ್ಚಾರ ತಿದ್ದಿದರು. ಆಮೇಲೆ ಮೆಲ್ಲಗೆ, 'ತೋಳು ಸ್ವಲ್ಪ ಉದ್ದ ಇದೆಯಾ?' ಎಂದು ಕೇಳಿದರು.